ಚಿಪ್ಸ್ ಡಬ್ಬಿ ಎಲ್ಲಿಟ್ಟಿದ್ದೀರಿ, ಮೊದಲು ಅದು ಹೇಳಿ

ಮಳೆ ಹಿಡಿದರೆ ಸಾಕು, ಕೊಡಗಿನಲ್ಲಿ ಮನೆಮನೆಗೂ ಒಂದೇ ಗೋಳು: "ಈ ಚಳಿಗೆ ಹಸಿವು ಜಾಸ್ತಿ, ತೂಕ ಏರ್ತಾ ಇದೆ." ಹಸಿವಂತೆ! ಉಂಡು ಎರಡು ಗಂಟೆ ಆಗಿಲ್ಲ. ಅಡುಗೆಕಟ್ಟೆ ಮೇಲೆ ಗಾಜಿನ ಭರಣಿ ತುಂಬ ಬಾಳೆಕಾಯಿ ಚಿಪ್ಸ್ ಇಟ್ಟುಕೊಂಡು, ಹೋಗುವಾಗ ಒಂದು ಹಿಡಿ, ಬರುವಾಗ ಒಂದು ಹಿಡಿ. ಕೇಳಿದ್ದು ಕಣ್ಣು, ಹೊಟ್ಟೆಗೆ ಸುದ್ದಿಯೇ ಇಲ್ಲ. ಅನುಮಾನವಿದ್ದರೆ, ಬೆಳಗ್ಗೆ ಉಳಿದ ತಣ್ಣಗಿನ ಅಕ್ಕಿ ಒಟ್ಟಿ (ರೊಟ್ಟಿ) ಕೊಟ್ಟರೆ ತಿನ್ನುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಿನ್ನುತ್ತೀರಾದರೆ ಹಸಿವು. ಚಿಪ್ಸೇ ಬೇಕೆಂದರೆ ಬಾಯಿಚಪಲ.

ಆ ಚಿಪ್ಸ್ ಇರಬೇಕಾದ್ದು ಭರಣಿಯಲ್ಲಲ್ಲ, ಡಬ್ಬಿಯಲ್ಲಿ. ಡಬ್ಬಿಯ ವಿಷಯ ಸರಿಯಾಗಿ ಕೇಳಿಸಿಕೊಳ್ಳಿ, ಅರ್ಧಂಬರ್ಧ ಮಾಡಿದರೆ ಉಪಯೋಗವಿಲ್ಲ. ಕರಿದದ್ದು ಪೂರ್ತಿ ಆರಬೇಕು. ಬೆಚ್ಚಗಿರುವಾಗಲೇ ತುಂಬಿದರೆ ಹಬೆ ಕೂತು ಮೆತ್ತಗಾಗುತ್ತದೆ. ಆಮೇಲೆ ಎಡಗೈಯ ಒಂದು ಮುಷ್ಟಿ ಅಳತೆಗೆ ಬೆಣ್ಣೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ನೂಲು ಸುತ್ತಿ. ಪೇಪರಿನ ಹಾಳೆ ಬೇಡ, ಶಾಯಿ ಹತ್ತುತ್ತದೆ. ಪೊಟ್ಟಣ ತೀರಾ ಚಿಕ್ಕದಾದರೆ ಒಂದರ ಬದಲು ಎರಡು ಬಿಚ್ಚುತ್ತಾರೆ. ಡಬ್ಬಿ ಸ್ಟೀಲಿನದೇ ಆಗಲಿ, ಒಳಗಿನದು ಕಾಣಬಾರದು. ಡಬ್ಬಿಯ ತಳಕ್ಕೆ ಹುರಿದ ಅಕ್ಕಿ ಒಂದು ಹಿಡಿ, ಬಟ್ಟೆಗಂಟಿನಲ್ಲಿ. ಮಳೆಗಾಲದ ತೇವ ಅದು ಎಳೆದುಕೊಳ್ಳುತ್ತದೆ. ಡಬ್ಬಿ ಅಟ್ಟದ ಮೇಲೆ, ಹತ್ತುವ ಸ್ಟೂಲು ಬೇರೆ ಕೋಣೆಯಲ್ಲಿ. ಸ್ಟೂಲನ್ನು ಅಲ್ಲೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ. ತೆರೆದ ಭರಣಿಗೆ ಕೈ ಹಾಕಿದವರಿಗೆ ನಿಲ್ಲಿಸುವ ಜಾಗವೇ ಸಿಗುವುದಿಲ್ಲ, ತಳ ಕಾಣುವವರೆಗೂ ಕೈ ಆಡುತ್ತದೆ. ನೂಲು ಬಿಚ್ಚುವಾಗ ಒಂದು ಕ್ಷಣ ಕೈ ನಿಲ್ಲುತ್ತದಲ್ಲ, ಬುದ್ಧಿ ಬರುವುದು ಆಗಲೇ.

ಖಾಲಿಯಾದ ಕಟ್ಟೆ ಮೇಲೆ ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಇಡಿ. ಕಾಲಕ್ಕೆ ಕಿತ್ತಳೆ ಬಂದರೆ ಎರಡನ್ನು ಸುಲಿದೇ ಇಡಿ. ಸಿಪ್ಪೆ ಸುಲಿಯುವ ಸೋಮಾರಿತನಕ್ಕೇ ಎಷ್ಟು ಹಣ್ಣು ಒಣಗಿಹೋಗುತ್ತವೆ!

ದಿನಾ ಸಂಜೆ 5ಕ್ಕೆ ತಿನ್ನುವ ಅಭ್ಯಾಸವಿದ್ದರೆ, ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಆ ಹೊತ್ತಿಗೇ ಏರುತ್ತದೆ. ತಿನ್ನದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಟಿವಿ ಮುಂದೆ ಕಾಫಿ ಕುಡಿಯುವವರಿಗೆ ಆ ಕುರ್ಚಿಯೇ ಚಿಪ್ಸ್ ನೆನಪಿಸುತ್ತದೆ. ಬೆಲ್ಲದ ಕಾಫಿಯನ್ನು ಜಗಲಿಗೆ ಒಯ್ದು ಕುಡಿಯಿರಿ, ಅಷ್ಟೇ.

ಊಟದ ಮಾತು. ಬಿಸಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಎರಡನ್ನೂ ಪಾತ್ರೆ ಸಮೇತ ಮೇಜಿಗೆ ತರುವುದನ್ನು ಯಾರು ಕಲಿಸಿದರು ನಿಮಗೆ? ಹಿಂದೆ ಒಳಗಿಂದ ಬಡಿಸುತ್ತಿದ್ದರು, ಎರಡನೇ ಸಲಕ್ಕೆ ಕೇಳಬೇಕಿತ್ತು. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಸುಮಾರು 20 ನಿಮಿಷ ಬೇಕು. ಮೆತ್ತಗಿನ ಕಡಂಬುಟ್ಟು 10 ನಿಮಿಷಕ್ಕೆ ಆರು ಇಳಿಯುತ್ತದೆ. ಮೂರು ಬಡಿಸಿ, ಪಾತ್ರೆ ಒಳಗಿಟ್ಟು ಮಾತಾಡುತ್ತ ಕೂರಿ. ಮೊಬೈಲ್ ನೋಡುತ್ತ ಉಂಡವರಿಗೆ ತಿಂದದ್ದು ನೆನಪಲ್ಲಿ ಉಳಿಯುವುದಿಲ್ಲ, ಸಂಜೆ ಮತ್ತೆ ಹೆಚ್ಚು ತಿನ್ನುತ್ತಾರೆ.

ಮಕ್ಕಳಿಗೆ ಬೈಂಬಳೆ (ಎಳೆ ಬಿದಿರು, ಕಳಲೆ) ವಾಸನೆ ಆಗುವುದಿಲ್ಲ ಎಂದು ಒಂದೇ ಸಲಕ್ಕೆ ಕೈಬಿಡುತ್ತೀರಿ. ಹೊಸ ರುಚಿ ಒಗ್ಗಲು 10–15 ಸಲ ಬೇಕಾಗಬಹುದು. ಪ್ರತಿ ಸಲ ಚಿಟಿಕೆಯಷ್ಟು ತಟ್ಟೆಯ ಅಂಚಿಗೆ ಹಾಕಿ, ನೀವು ತಿನ್ನಿ, ಸುಮ್ಮನಿರಿ. "ಇದು ತಿಂದರೆ ಚಾಕೊಲೇಟ್" ಎಂದರೋ, ಬೈಂಬಳೆ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನೀವೇ ಹೇಳಿಕೊಟ್ಟ ಹಾಗೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪಾಯಸವನ್ನು ಮಕ್ಕಳು ಹೇಗೆ ತಿನ್ನುತ್ತಾರೆ ನೋಡಿ. ಆ ನೇರಳೆ ಬಣ್ಣ, ಆ ಗಾಢ ವಾಸನೆ. ಆದರೂ ಮನೆಯವರೆಲ್ಲ ತಿನ್ನುತ್ತಾರೆಂದು ಅವೂ ಬಟ್ಟಲು ಚಾಚುತ್ತವೆ, ಮರುದಿನ ಮೂತ್ರ ಕೆಂಪಾಯಿತೆಂದು ಕುಣಿಯುತ್ತವೆ.