ಪರಸಿ ಕಲ್ಲು, ಎತ್ತಿನ ಕಾಲು, ತೊಗರಿ ಕಾಯಿ: ಜೀವವಿಕಾಸವನ್ನು ಚಲನೆಯಿಂದ ಕಲಿಸುವುದು ಹೇಗೆ

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವವಿಕಾಸದ ಪಾಠ ಶುರುವಾಗುವ ಮೊದಲು ಗೋಡೆಯ ಮೇಲಿನ ಒಂದು ಚಿತ್ರ ಇಳಿಸಿಬಿಡುತ್ತೇನೆ. ಮಂಗ ಒಂದೊಂದೇ ಹೆಜ್ಜೆಗೆ ನೆಟ್ಟಗಾಗುತ್ತಾ ಮನುಷ್ಯನಾಗುವ ಆ ಸಾಲು ನಿಮಗೂ ಗೊತ್ತಲ್ವಾ? ಅದನ್ನು ನೋಡಿದರೆ ಸಾಕು, ‘ಹಂಗಾದ್ರ ಈಗಿನ ಮಂಗ ಯಾಕ ಮನುಷ್ಯ ಆಗವಲ್ದು ಮೇಡಂ?’ ಅಂತ ಯಾರಾದರೂ ಕೇಳುತ್ತಾರೆ. ಪಿರಿಯಡ್ ಅಲ್ಲಿಗೇ ಮುಗಿಯುತ್ತದೆ.

ನಾನು ಬೇರೆ ದಾರಿ ಹಿಡಿದಿದ್ದೇನೆ. ಯಾವ ಪ್ರಾಣಿ ಸಿಕ್ಕರೂ ಮೊದಲು ಒಂದೇ ಪ್ರಶ್ನೆ: ಇದು ಹೇಗೆ ಓಡಾಡುತ್ತದೆ? ಅದರ ಎಲುಬು, ಉಗುರು, ಉಸಿರಾಟ ಎಲ್ಲವೂ ಆ ಪ್ರಶ್ನೆಯ ಹಿಂದೆಯೇ ಬರುತ್ತವೆ. ಶಿಕ್ಷಕರು, ಅಪ್ಪ ಅಮ್ಮ ಯಾರು ಬೇಕಾದರೂ ಮಾಡಿಸಬಹುದು. ಒಂದು ಬಾಟಲಿ ನೀರು, ಒಂದು ಸಲಿಕೆ, ಸ್ಲೋ ಮೋಷನ್ ಇರುವ ಫೋನು, ಒದೆಯದ ಒಂದು ಎತ್ತು. ಇಷ್ಟು ಸಾಕು.

ಪರಸಿ ಕಲ್ಲಿನಿಂದ ಶುರು ಮಾಡಿ. ನಮ್ಮ ಕಡೆ ಶಹಾಬಾದ್ ಪರಸಿ ಇಲ್ಲದ ಮನೆ ಯಾವುದು? ನೆಲಕ್ಕೂ ಅದೇ, ಕಟ್ಟೆಗೂ ಅದೇ, ಬಚ್ಚಲಿಗೂ ಅದೇ. ಆದರೆ ಹಾಸಿದ ಕಲ್ಲು ನಮ್ಮ ಕೆಲಸಕ್ಕೆ ಬರುವುದಿಲ್ಲ. ರಸ್ತೆ ಪಕ್ಕ ಮಾರಲು ಒರಗಿಸಿಟ್ಟಿರುತ್ತಾರಲ್ಲ, ಅಲ್ಲಿ ಒಡೆದ ತುಂಡು ಕೇಳಿ, ಸುಮ್ನೆ ಕೊಡುತ್ತಾರೆ. ನೋಡಬೇಕಾದ್ದು ಅದರ ಅಂಚನ್ನು. ನೀರು ಸುರಿದು ಬೆರಳಿನಿಂದ ಉಜ್ಜಿ. ಬೂದು ಬಣ್ಣದಲ್ಲಿ ಅಡ್ಡಗೆರೆಗಳು ಎದ್ದು ಕಾಣುತ್ತವೆ. ಕೆಲವು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿಗಾಗಿಯೇ. ಬಹಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗಿದೆ. ಪದರ ಕದಡದೆ ಉಳಿದಿದ್ದಕ್ಕೇ ಗಣಿಯವರು ಉಳಿ ಇಟ್ಟು ಬಡಿದರೆ ಹಾಸುಗಲ್ಲು ಸಲೀಸಾಗಿ ಏಳುತ್ತದೆ.

ಈಗ ಸಲಿಕೆ ಎತ್ತಿಕೊಂಡು ಕಾಗಿಣಾ ದಂಡೆಗೆ ನಡೆಯಿರಿ. ನಿಮ್ಮೂರು ಭೀಮಾ ಹತ್ತಿರವಿದ್ದರೆ ಅಲ್ಲಿಗೇ ಹೋಗಿ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಹೋಗಬೇಕು. ದಂಡೆಯ ಹಸಿ ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ನೆಟ್ಟಗೆ ಕತ್ತರಿಸಿ, ಕತ್ತರಿಸಿದ ಗೋಡೆ ನೋಡಿ. ಎರೆಹುಳದ ತೂತು, ಏಡಿ ಬಿಲ, ಬೇರು ಹೋದ ದಾರಿ. ನೆರೆ ತಂದು ಹಾಸಿದ ಪದರ ಅಲ್ಲಲ್ಲಿ ಮಾತ್ರ ಉಳಿದಿರುತ್ತದೆ, ಉಳಿದದ್ದೆಲ್ಲ ಕಲಸಿಹೋಗಿರುತ್ತದೆ. ಪರಸಿಯ ತುಂಡನ್ನು ಪಕ್ಕದಲ್ಲಿಟ್ಟು, ಇದರಲ್ಲಿ ತೂತು ಯಾಕಿಲ್ಲ ಅಂತ ಕೇಳಿ. ಮಕ್ಕಳು ಏನೇನೋ ಹೇಳುತ್ತಾರೆ, ಹೇಳಲಿ. ಉತ್ತರ ಇಷ್ಟೇ: ಆ ಕೆಸರು ಕೂತ ಕಾಲಕ್ಕೆ ಮಣ್ಣು ಕೊರೆಯುವ ಪ್ರಾಣಿ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಕೆಸರಿನೊಳಕ್ಕೆ ಮೇಲಿಂದ ಕೆಳಕ್ಕೆ ಕೊರೆದುಕೊಂಡು ಹೋಗುವ ಹುಳದಂಥ ಜೀವಿಗಳು ಬಂದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಭೂವಿಜ್ಞಾನಿಗಳು ಕ್ಯಾಂಬ್ರಿಯನ್ ಯುಗದ ಶುರುವನ್ನು ಗುರುತಿಸುವುದೇ ಅಂಥ ಒಂದು ಬಿಲದ ಅಚ್ಚಿನಿಂದ. ಅದರ ಹೆಸರು ಟ್ರೆಪ್ಟಿಕ್ನಸ್ ಪೆಡಮ್. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಒಂದು ಕಲ್ಲಿನ ದಂಡೆಯನ್ನು 1992ರಲ್ಲಿ ಇದಕ್ಕೆ ಗಡಿಗುರುತಾಗಿ ಒಪ್ಪಿಕೊಂಡರು. ನೋಡಿ, ಎಲುಬಿನಿಂದಲ್ಲ, ಚಿಪ್ಪಿನಿಂದಲೂ ಅಲ್ಲ, ಯಾರೋ ಓಡಾಡಿದ ದಾರಿಯಿಂದ! ಆ ಕೊರೆತದಿಂದ ಕೆಸರಿನ ಆಳಕ್ಕೆ ಆಮ್ಲಜನಕ ಇಳಿಯಿತು, ಹೂತುಹೋಗಿದ್ದ ಆಹಾರ ಮೇಲೆ ಬಂತು. ಅಡಗಿಕೊಳ್ಳಲು ಹೊಸ ಜಾಗ ಸಿಕ್ಕಿತು, ಅಡಗಿದವರನ್ನು ಹುಡುಕಲು ಹೊಸ ಬೇಟೆಗಾರರೂ ಬಂದರು. ಕಣ್ಣು, ಕಾಲು, ಚಿಪ್ಪು ಇದ್ದ ಪ್ರಾಣಿಗಳು ಕಲ್ಲಿನಲ್ಲಿ ಧಾರಾಳವಾಗಿ ಸಿಗುವುದು ಆಮೇಲಿನ ಪದರಗಳಲ್ಲೇ.

ಎರಡು ಎಚ್ಚರಿಕೆ. ಕೆಲವು ಸುಣ್ಣದ ಕಲ್ಲುಗಳ ಮೇಲೆ ಜರಿಗಿಡದ ಹಾಗೆ ಕಪ್ಪು ಗೆರೆ ಇರುತ್ತದೆ. ಅದು ಮ್ಯಾಂಗನೀಸ್ ಖನಿಜ ಹರಡಿದ ಗುರುತು, ಗಿಡದ ಪಳೆಯುಳಿಕೆಯಲ್ಲ. ಇನ್ನೊಂದು, ನೀರು ತುಂಬಿದ ಹಳೇ ಗಣಿಗಳ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಕಲ್ಲು ಅಂಗಡಿಯಲ್ಲೇ ಸಿಗುವಾಗ ಅಲ್ಲಿ ಏನು ಕೆಲಸ?

ಇನ್ನು ಎತ್ತು. ಮಾಲೀಕರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ, ಹಿಂದಿನಿಂದ ಹೋಗಬೇಡಿ. ಹಿಂಗಾಲು ತೋರಿಸಿ, ಮಣಕಾಲು ಎಲ್ಲಿದೆ ಅಂತ ಕೇಳಿ. ಎಲ್ಲರೂ ಹಿಂದಕ್ಕೆ ಚಾಚಿದ ಆ ಗಿಣ್ಣನ್ನೇ ತೋರಿಸುತ್ತಾರೆ. ಅದು ಮಣಕಾಲಲ್ಲ, ಹಿಮ್ಮಡಿ! ನಿಜವಾದ ಮಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇದೆ. ಮುಂಗಾಲಿನಲ್ಲಿ ನಾವು ಮಣಕಾಲು ಅನ್ನುವುದು ನಮ್ಮ ಲೆಕ್ಕದಲ್ಲಿ ಮಣಿಕಟ್ಟು. ಅಂದರೆ ಎತ್ತು ನಿಂತಿರುವುದು ಬೆರಳ ತುದಿಯ ಮೇಲೆ, ಉಗುರಿನ ಮೇಲೆ. ಸೀಳು ಗೊರಸು ಅಂದರೆ ಎರಡು ಬೆರಳು, ನಮ್ಮ ನಡುಬೆರಳು ಮತ್ತು ಉಂಗುರ ಬೆರಳಿಗೆ ಸಮ. ಅದಕ್ಕೇ ಲಾಳ ಹೊಡೆಯುವವರು ಒಂದು ಕಾಲಿಗೆ ಎರಡು ಬಿಲ್ಲೆ ಹಾಕುತ್ತಾರೆ. ಗೊರಸಿನ ಹಿಂದೆ ಮೇಲ್ಗಡೆ ಎರಡು ಮೊಳಕೆ ಕಾಣುತ್ತವಲ್ಲ, ಅವು ಸಣ್ಣಗಾದ ಇನ್ನೆರಡು ಬೆರಳು. ಹೆಬ್ಬೆರಳು ಹೋಗೇ ಬಿಟ್ಟಿದೆ.

ಇದರಿಂದ ಏನು ಲಾಭ? ಹುಡುಗರನ್ನು ಹಿಮ್ಮಡಿ ಊರಿ ಒಮ್ಮೆ, ಕಾಲ್ಬೆರಳ ಮೇಲೆ ಒಮ್ಮೆ ಓಡಿಸಿ. ಆಮೇಲೆ ಒಂದು ಬಡಿಗೆ ಕೊಟ್ಟು ಅದರ ತುದಿಗೆ ಒದ್ದೆ ಟವೆಲ್ ಕಟ್ಟಿ ಬೀಸಲು ಹೇಳಿ. ಅದೇ ಟವೆಲನ್ನು ಕೈ ಹತ್ತಿರಕ್ಕೆ ಸರಿಸಿ ಮತ್ತೆ ಬೀಸಿಸಿ. ಭಾರ ಕೈ ಹತ್ತಿರ ಇದ್ದಾಗ ಬಡಿಗೆ ಹಗುರಾಗಿ ತಿರುಗುತ್ತದೆ. ಓಡುವ ಪ್ರಾಣಿಗಳಲ್ಲಿ ಮಾಂಸವೆಲ್ಲ ತೊಡೆಯಲ್ಲಿ, ಕೆಳಗೆ ಬರೀ ಎಲುಬು ಮತ್ತು ಹುರಿಯಂಥ ಸ್ನಾಯುರಜ್ಜು. ಬೀದರ್ ಕಡೆ ಹೊಲಗಳಲ್ಲಿ ಕೃಷ್ಣಮೃಗ ನೋಡಿದವರಿಗೆ ಆ ಕಡ್ಡಿಯಂಥ ಕಾಲು ನೆನಪಿರುತ್ತದೆ. ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತದೆ ಅದು. ಅದನ್ನು ಅಟ್ಟುತ್ತಿದ್ದ ಚೀತಾ ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲೇ ಘೋಷಿಸಿದರು. ಕೃಷ್ಣಮೃಗದ ಓಟ ಮಾತ್ರ ಹಾಗೇ ಇದೆ.

ಇಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ: ‘ಓಡಿ ಓಡಿ ಬೆರಳು ಸವೆದು ಹೋದ್ವು.’ ತಕ್ಷಣ ತಿದ್ದಿ. ಒಂದು ಪ್ರಾಣಿ ಎಷ್ಟು ಓಡಿದರೂ ಅದರ ಮರಿಗೆ ಬೆರಳು ಕಡಿಮೆಯಾಗುವುದಿಲ್ಲ. ಮರಿಗಳು ಹುಟ್ಟುವಾಗಲೇ ಒಂದರಂತೆ ಒಂದು ಇರುವುದಿಲ್ಲ. ತೋಳ ಬಂದಾಗ ತಪ್ಪಿಸಿಕೊಂಡವು ಬದುಕಿ ಮರಿ ಹಾಕುತ್ತವೆ, ಸಿಕ್ಕವು ಹಾಕುವುದಿಲ್ಲ. ಕುದುರೆಯ ಹಿರಿಯ ಸುಮಾರು 5.5 ಕೋಟಿ ವರ್ಷಗಳ ಹಿಂದೆ ನಾಯಿಯಷ್ಟೇ ಇತ್ತು, ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಒಂದೇ ಗೊರಸಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಮಾಂಸ ತಿನ್ನುವ ಮನೆಯವರಾದರೆ ಇದೊಂದನ್ನು ಬಿಡಬೇಡಿ. ಮಟನ್ ಅಂಗಡಿಯಲ್ಲಿ ಆಡಿನ ಹಿಂಗಾಲಿನ ಗಿಣ್ಣನ್ನು ಒಡೆಯದೆ ಕೊಡಲು ಹೇಳಿ. ಕುದಿಸಿ, ಮಾಂಸ ಬಿಡಿಸಿ, ಬಿಸಿಲಿಗೆ ಒಣಗಿಸಿ. ಹಿಮ್ಮಡಿಯ ಎಲುಬಿನ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಒಂದು ಎಲುಬು ಸಿಗುತ್ತದೆ. ಬಾವಿ ರಾಟೆಯ ಹಾಗೆ ಅದರ ಮೇಲೂ ಕೆಳಗೂ ನಡುವೆ ತೋಡು. ಎರಡೂ ತುದಿಯಲ್ಲಿ ಹೀಗೆ ತೋಡಿರುವುದು ಆಡು, ಎತ್ತು, ಜಿಂಕೆ, ಹಂದಿಯ ಬಳಗದ ಗುರುತು. ಕಾಲು ಹಿಂದೆ ಮುಂದೆ ಮಾತ್ರ ಬೀಸುತ್ತದೆ, ಪಕ್ಕಕ್ಕೆ ಉಳುಕುವುದು ಕಡಿಮೆ. ಮಕ್ಕಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಿ. ಆಮೇಲೆ ಹೇಳಿ: ಪಾಕಿಸ್ತಾನದಲ್ಲಿ ಸಿಕ್ಕ, 2001ರಲ್ಲಿ ವಿಜ್ಞಾನಿಗಳು ವರದಿ ಮಾಡಿದ ಹಳೇ ತಿಮಿಂಗಿಲಗಳ ಪಳೆಯುಳಿಕೆಯಲ್ಲೂ ಇದೇ ಎಲುಬು ಇತ್ತು. ಹೌದು, ಅವಕ್ಕೆ ಕಾಲಿತ್ತು. ತಿಮಿಂಗಿಲದ ಹಿರಿಯರು ಈ ಗೊರಸಿನ ಬಳಗದವರೇ. ಜಮ್ಮು ಕಡೆಯ ಕಾಲಕೋಟ್‌ನಲ್ಲಿ ಸಿಕ್ಕ ಇಂಡೋಹಯಸ್ ಅನ್ನುವ ಪುಟ್ಟ ಪ್ರಾಣಿ ಅವರ ಹತ್ತಿರದ ನೆಂಟ. ಕ್ಲಾಸಿನಲ್ಲಿ ಗದ್ದಲ ಏಳುವುದು ಈ ಹೊತ್ತಿಗೇ. ಏಳಲಿ ಬಿಡಿ.

ತಿಮಿಂಗಿಲದ ಬಾಲ ಯಾಕೆ ಮೇಲೆ ಕೆಳಗೆ ಬಡಿಯುತ್ತದೆ, ಮೀನಿನದು ಯಾಕೆ ಎಡಕ್ಕೆ ಬಲಕ್ಕೆ? ಇದಕ್ಕೆ ಫೋನು ಬೇಕು. ಬೇಲಿ ಮೇಲಿನ ಓತಿಕ್ಯಾತ ಓಡುವುದನ್ನು, ನಾಯಿ ಓಡುವುದನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಓತಿಕ್ಯಾತದ ಮೈ ಮೀನಿನ ಥರ ಪಕ್ಕಕ್ಕೆ ಬಾಗುತ್ತದೆ. ನಾಯಿಯ ಬೆನ್ನು ಮೇಲೆ ಕೆಳಗೆ ಬಾಗುತ್ತದೆ. ತಿಮಿಂಗಿಲ ನಾಯಿ, ಆಡುಗಳ ಕಡೆಯದು, ನೀರಿಗೆ ಮರಳಿದರೂ ಬೆನ್ನಿನ ಆ ಚಾಳಿ ಬಿಟ್ಟಿಲ್ಲ. ಇನ್ನೊಂದು ಸಂಗತಿ ಗಮನಿಸಿ: ಓತಿಕ್ಯಾತ ಸರ್ರನೆ ಓಡಿ ಗಕ್ಕನೆ ನಿಲ್ಲುತ್ತದೆ. ಮೈ ಬಾಗಿಸುವ ಸ್ನಾಯುಗಳೇ ಎದೆಗೂಡನ್ನೂ ಆಡಿಸುವುದರಿಂದ ಜೋರಾಗಿ ಓಡುತ್ತಾ ಚೆನ್ನಾಗಿ ಉಸಿರಾಡಲು ಅದಕ್ಕೆ ಆಗುವುದಿಲ್ಲ. ಡೇವಿಡ್ ಕ್ಯಾರಿಯರ್ ಎಂಬ ಅಮೆರಿಕದ ವಿಜ್ಞಾನಿ 1987ರಲ್ಲಿ ಇದನ್ನು ವಿವರಿಸಿದರು.

ಗಿಡ ನಡೆಯುವುದಿಲ್ಲ, ಆದರೆ ಬೀಜ ನಡೆಯುತ್ತದೆ. ಎಕ್ಕದ ಬೀಜದ ರೇಷ್ಮೆ, ಪ್ಯಾಂಟಿಗೆ ಅಂಟುವ ಉತ್ತರಾಣಿ, ಚಪ್ಪಲಿಗೆ ಚುಚ್ಚುವ ನೆಗ್ಗಿಲು, ಇವೆಲ್ಲ ಮಕ್ಕಳಿಗೇ ಗೊತ್ತು, ಜಾಸ್ತಿ ಹೇಳುವುದು ಬೇಡ. ತೊಗರಿಯನ್ನು ಮಾತ್ರ ತೋರಿಸಿ. ಅದರ ಕಾಡು ನೆಂಟರ ಕಾಯಿ ಒಣಗಿದರೆ ತಿರುಚಿಕೊಂಡು ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ನಮ್ಮ ಹೊಲದ್ದು ಅಷ್ಟಾಗಿ ಸಿಡಿಯುವುದಿಲ್ಲ, ರಾಶಿ ಮಾಡುವವರೆಗೂ ಕಾಳು ಕಾಯಿಯಲ್ಲೇ ಕಾಯುತ್ತದೆ. ಸಿಡಿದು ಬಿದ್ದ ಕಾಳು ರೈತನ ಕೈಗೆ ಸಿಗಲಿಲ್ಲ, ಸಿಡಿಯದೆ ಉಳಿದದ್ದೇ ಮುಂದಿನ ವರ್ಷದ ಬಿತ್ತನೆಗೆ ಹೋಯಿತು. ಸಾವಿರಾರು ವರ್ಷ ಹೀಗೇ ನಡೆಯಿತು. ಈಗ ಅದನ್ನು ಊರಿಂದೂರಿಗೆ ನಡೆಸುವವರು ನಾವು, ಲಾರಿ ಬಾಡಿಗೆ ಕೊಟ್ಟು!

ಚಳಿಗಾಲದಲ್ಲಿ ಪುರುಸೊತ್ತಿದ್ದರೆ ಯಾದಗಿರಿ ಜಿಲ್ಲೆಯ ಸುರಪುರ ಹತ್ತಿರದ ಬೋನಾಳ ಕೆರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುತ್ತವೆ. ದಾರಿಯಲ್ಲಿ 7 ಸಾವಿರ ಮೀಟರಿಗೂ ಎತ್ತರ ಹಾರಿದ ದಾಖಲೆ ಇದೆ. ಅವುಗಳ ಹಿಮೋಗ್ಲೋಬಿನ್‌ನಲ್ಲಿ ಒಂದು ಸಣ್ಣ ಬದಲಾವಣೆ ಇದೆ. ಅದರಿಂದ ತೆಳು ಗಾಳಿಯಲ್ಲೂ ರಕ್ತ ಆಮ್ಲಜನಕವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಹಾರುವಾಗ ರೆಕ್ಕೆ ಬಡಿತ ಎಣಿಸಲು ಮಕ್ಕಳಿಗೆ ಹೇಳಿ, ಅದೇ ಆಕಾಶದಲ್ಲಿ ಸುತ್ತುವ ಹದ್ದಿನದೂ ಎಣಿಸಲಿ. ಹದ್ದು ಬಿಸಿಗಾಳಿಯ ಮೇಲೆ ತೇಲುತ್ತದೆ, ಹೆಬ್ಬಾತು ಬಡಿಯುತ್ತಲೇ ಇರಬೇಕು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ದಂಡೆಗೆ ನುಗ್ಗಿ ಹಕ್ಕಿ ಎಬ್ಬಿಸಬೇಡಿ. ಊಟದ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಕೆರೆ ಹತ್ತಿರ ಏನಾದರೂ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.