ಅಳಿವೆ ಗಾಳಿಗೆ ಬೈಟ್‌ಕಾಸ್ಟರ್ ಪಳಗಿಸಿದ್ದು: ನನ್ನ ಅನುಭವ

ಅಳಿವೆಯಲ್ಲಿ ಬೈಟ್‌ಕಾಸ್ಟರ್ (ಬೀಸುವಾಗ ದಾರ ಸುತ್ತಿದ ಉರುಳೆಯೇ ತಿರುಗುವ ಗಾಳದ ರೀಲ್) ನಡೆಯುವುದಿಲ್ಲ ಅಂತ ಕಾಸರಗೋಡು ಕಡೆಯ ಕುಂಬಳೆಯಿಂದ ಮಂಜೇಶ್ವರದವರೆಗೆ ಗಾಳ ಹಾಕುವವರೆಲ್ಲ ತೀರ್ಪು ಕೊಟ್ಟಾಗಿತ್ತು. ಪಡುಗಾಳಿಗೆ ಎದುರಾಗಿ ಬೀಸಿದರೆ ಲ್ಯೂರ್ (ನಕಲಿ ಮೀನಿನ ಗಾಳ) ಗಾಳಿಯಲ್ಲೇ ಸೋಲುತ್ತದೆ, ಸ್ಪೂಲ್ ಅನ್ನುವ ಆ ಉರುಳೆ ಮಾತ್ರ ಓಡುತ್ತಲೇ ಇರುತ್ತದೆ, ಆಮೇಲೆ ಕಲ್ಲಿನ ಮೇಲೆ ಕೂತು ಸಿಕ್ಕು ಬಿಡಿಸುವುದೇ ಕೆಲಸ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಪೆಟ್ಟಿಗೆಯಿಂದ ತೆಗೆದ ಹಾಗೇ ಬೀಸಿದರೆ ಅದೇ ಆಗುತ್ತದೆ. ಆದರೆ ಈಗ ಅದೇ ಶಿರಿಯ ಅಳಿವೆಯಲ್ಲಿ 20 ಗ್ರಾಮಿನ ಲ್ಯೂರನ್ನು ಗಾಳಿ ಇಲ್ಲದ ಹೊತ್ತಲ್ಲಿ 60-65 ಮೀಟರ್ ಕಳಿಸುತ್ತೇನೆ, ಎದುರು ಗಾಳಿಗೆ 45ಕ್ಕೆ ಕಮ್ಮಿ ಇಲ್ಲ. ಶುರುವಿಗೆ 40 ದಾಟುವುದೇ ಕಷ್ಟ ಇತ್ತು. ಇದಕ್ಕೆ ಹೊಸ ರೀಲ್ ತೆಗೆದುಕೊಳ್ಳಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ರೀಲ್ ಗಲ್ಫಿನಿಂದ ವಾಪಸ್ ಬಂದ ಒಬ್ಬರ ಕೈಯಿಂದ ಬಂದದ್ದು. ಆಂಬಾಸಡರ್ 5500 ಜಾತಿ, ದುಂಡನೆಯದು, ಭಾರದ್ದು. 3,000 ರೂಪಾಯಿ ಕೊಟ್ಟಿದ್ದೇನೆ ಅಂತ ನೆನಪು. ಆ ದುಡ್ಡಿಗೆ ಒಳ್ಳೆಯ ಹೊಸ ಸ್ಪಿನ್ನಿಂಗ್ ರೀಲೇ (ಬೀಸುವಾಗ ಸ್ಪೂಲ್ ತಿರುಗದ ಜಾತಿ) ಸಿಗುತ್ತಿತ್ತು ಅಂತ ಬೈಸಿಕೊಂಡೆ. ಆದರೆ ನಾನು ಮೋಟಾರ್ ರಿವೈಂಡಿಂಗ್ ಮಾಡುವವನು, ಬಿಚ್ಚಿ ಜೋಡಿಸಲು ಆಗುವ ವಸ್ತು ಕಂಡರೆ ಬಿಡಲಿಕ್ಕಾಗುವುದಿಲ್ಲ. ಇದನ್ನು ಮಾಡಿದ ಅಬು (ABU) ಕಂಪನಿ 1921ರಲ್ಲಿ ಸ್ವೀಡನ್ನಿನಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾದದ್ದು, ಟ್ಯಾಕ್ಸಿ ಮೀಟರನ್ನೂ ಮಾಡುತ್ತಿತ್ತು. ರೀಲಿನ ಒಳಗೆ ನೋಡಿದರೆ ಅದು ಗೊತ್ತಾಗುತ್ತದೆ. ಸ್ಕ್ರೂ ಮೂರು ತಿರುಗಿಸಿದರೆ ಪೂರ್ತಿ ಕೈಗೆ ಬರುತ್ತದೆ.

ಹಳೇ ರೀಲ್ ತೆಗೆದುಕೊಳ್ಳುವಾಗ ನಾನು ನೋಡುವುದು ಎರಡೇ. ಸ್ಪೂಲನ್ನು ಪಕ್ಕದಿಂದ ಒತ್ತುವ ನಾಬ್ ಪೂರ್ತಿ ಸಡಿಲ ಮಾಡಿ ಬೆರಳಲ್ಲಿ ಸ್ಪೂಲ್ ಎಡಕ್ಕೆ ಬಲಕ್ಕೆ ತಳ್ಳಿ ನೋಡಿ, ಟಕ್ ಟಕ್ ಅಂತ ಸ್ವಚ್ಛವಾಗಿ ಬಡಿಯಬೇಕು. ಕರಕರ ಅಂದರೆ ಬೇರಿಂಗ್ ಹೋಗಿದೆ, ಅದು ದೊಡ್ಡ ವಿಷಯ ಅಲ್ಲ, ಬದಲಾಯಿಸಬಹುದು. ಎರಡನೆಯದು ಸ್ಪೂಲಿನ ಅಂಚು. ಕೆಳಗೆ ಬಿದ್ದು ಕೂದಲೆಳೆಯಷ್ಟು ಸೊಟ್ಟ ಆಗಿದ್ದರೂ ಆ ರೀಲ್ ಬೇಡ, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಉಳಿದ ಗೀರು, ಬಣ್ಣ ಹೋದದ್ದು ಎಲ್ಲ ಬೆಲೆ ಇಳಿಸಲಿಕ್ಕೆ ಒಳ್ಳೆಯದು.

ಮೊದಲು ಕೈ ಹಾಕಿದ್ದು ಬೇರಿಂಗಿಗೆ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಇದರದ್ದು 623 ನಂಬರಿನದ್ದು, ಒಳಗೆ 3, ಹೊರಗೆ 10, ದಪ್ಪ 4 ಮಿಮೀ. ಆನ್‌ಲೈನಲ್ಲಿ ಸೆರಾಮಿಕ್ ಅಂತ ಜೋಡಿಗೆ 1,500ರ ಹತ್ತಿರ ಕೊಟ್ಟು ತರಿಸಿದೆ. ಹಾಕಿ ಬೀಸಿದರೆ ಏನೂ ವ್ಯತ್ಯಾಸ ಇಲ್ಲ. ಸಂಶಯ ಬಂದು ಒಂದನ್ನು ಸುತ್ತಿಗೆಯಲ್ಲಿ ಒಡೆದೆ. ಸೆರಾಮಿಕ್ ಗುಂಡಾದರೆ ಅಯಸ್ಕಾಂತಕ್ಕೆ ಹಿಡಿಯಬಾರದು ಅಲ್ವಾ? ಅಷ್ಟೂ ಗುಂಡುಗಳು ಹಾರಿ ಬಂದು ಅಂಟಿಕೊಂಡವು, ಸಾದಾ ಉಕ್ಕು. ಮಾರಿದವನಿಗೆ ಫೋಟೋ ಕಳಿಸಿದೆ, ಒಡೆದ ವಸ್ತು ವಾಪಸ್ ಇಲ್ಲ ಅಂದ. ಆಮೇಲೆ ಬೇರೆ ಕಡೆಯಿಂದ ನಿಜವಾದ ಸೆರಾಮಿಕ್ಕೂ ತರಿಸಿದೆ. ಅದು ಬೆರಳಲ್ಲಿ ತಿರುಗಿಸಿದರೆ ನಿಲ್ಲುವುದೇ ಇಲ್ಲ, ಬೀಸುವಾಗ ಕೀಂಯ್ ಅಂತ ಶಬ್ದ, ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಹೆಚ್ಚಿಗೆ ಬಂದದ್ದು ಮೂರು ನಾಲ್ಕು ಮೀಟರ್. ಗುಂಡು ಸೆರಾಮಿಕ್ ಆದರೂ ಸುತ್ತಿನ ಬಳೆ ಉಕ್ಕೇ, ಉಪ್ಪುಗಾಳಿಗೆ ಒಂದು ಸೀಸನ್ನಲ್ಲಿ ಕೆಂಪಾಯಿತು.

ಕೊನೆಗೆ ಹಳೆಯ ಬೇರಿಂಗನ್ನೇ ತೊಳೆದೆ. ಕ್ಲಿಪ್ ತೆಗೆದು ಮುಚ್ಚಳ ಬಿಚ್ಚಿ ಪೆಟ್ರೋಲಲ್ಲಿ ಅಲ್ಲಾಡಿಸಿ, ಗ್ರೀಸ್ ಪೂರ್ತಿ ಹೋದ ಮೇಲೆ ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ. ಗ್ರೀಸ್ ಇದ್ದಾಗ ನಾಲ್ಕೈದು ಸೆಕೆಂಡ್ ತಿರುಗುತ್ತಿದ್ದದ್ದು ಇಪ್ಪತ್ತರ ಮೇಲೆ ಹೋಯಿತು. ಹತ್ತು ರೂಪಾಯಿ ಖರ್ಚಿಲ್ಲ. ಎರಡು ಹನಿ ಹಾಕಿದರೆ ಹೆಚ್ಚಿದ್ದು ಚಿಮ್ಮಿ ಬ್ರೇಕಿನ ಬಳೆಗೆ ತಾಗುತ್ತದೆ, ಆಗ ಸೆಂಟ್ರಿಫ್ಯೂಗಲ್ ಬ್ರೇಕ್ (ಸ್ಪೂಲ್ ತಿರುಗಿದಂತೆ ಸಣ್ಣ ತುಂಡುಗಳು ಹೊರಗೆ ಸರಿದು ಆ ಬಳೆಗೆ ಉಜ್ಜಿ ಹಿಡಿಯುವುದು) ಇದ್ದೂ ಇಲ್ಲದ ಹಾಗೆ.

ಎಣ್ಣೆ ವಿಷಯ ಬಂದದ್ದಕ್ಕೆ ಒಂದು ಹೇಳುತ್ತೇನೆ. ನಮ್ಮ ಭಾವ ಪೇಟೆಗೆ ಹೋಗಲು ಉದಾಸೀನ ಅಂತ ಅವರ ರೀಲಿಗೆ ಮನೆಯ ತೆಂಗಿನೆಣ್ಣೆಯೇ ಹಾಕಿದರು. ನವೆಂಬರ್ ತನಕ ಬೆಣ್ಣೆ ಹಾಗೆ ಓಡಿತು. "ನಿನ್ನ ಮೆಷಿನ್ ಎಣ್ಣೆಗಿಂತ ಇದೇ ಲಾಯಕ್ಕು ಭಾವ" ಅಂತ ನನಗೇ ಪಾಠ. ಜನವರಿಯಲ್ಲಿ ಒಂದು ಬೆಳಗ್ಗೆ ಐದೂವರೆಗೆ ಮಂಜೇಶ್ವರ ಬಂದರಿನ ಕಲ್ಲಿನ ಮೇಲೆ ನಿಂತು ಬೀಸಿದರೆ ಲ್ಯೂರ್ ಕಾಲ ಬುಡದಲ್ಲೇ ಬಿತ್ತು. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ, ಆ ಹೊತ್ತಿನ ಚಳಿ ಅದಕ್ಕಿಂತ ಕೆಳಗೆ. ರೀಲನ್ನು ಅಂಗಿಯ ಒಳಗಿಟ್ಟು ಬಿಸಿ ಮಾಡಿಕೊಂಡು ಬೀಸಿದರು ಪುಣ್ಯಾತ್ಮ. ಈಗಲೂ ಒಪ್ಪುವುದಿಲ್ಲ.

ಬೇರಿಂಗಿನಿಂದ ಬಂದದ್ದು ಐದಾರು ಮೀಟರ್ ಮಾತ್ರ. ನಿಜವಾದ ಕಥೆ ಸ್ಪೂಲಿನ ತೂಕದಲ್ಲಿ ಇದೆ, ಅಲ್ಲೇ ನನಗೂ ಉಳಿದವರಿಗೂ ವಾದ ಆದದ್ದು.

ಈ ರೀಲಿಗೆ 0.35 ಮಿಮೀ ತಂಗೂಸಿ (ನೈಲಾನ್ ದಾರ) 200 ಮೀಟರ್ ಹಿಡಿಯುತ್ತದೆ. ಅಷ್ಟು ತಂಗೂಸಿಯ ತೂಕವೇ 20 ಗ್ರಾಂ ಮೇಲೆ. ನಾವೆಲ್ಲ ಮಾಡುವುದು ಏನು? ಕೆಳಗೆ ಹಳೇ ತಂಗೂಸಿ ಸುತ್ತಿ ಮೇಲೆ ಬ್ರೇಡ್ (ಹೆಣೆದ ತೆಳು ದಾರ). ಬೀಸುವಾಗ ಆ ಸತ್ತ ತಂಗೂಸಿಯನ್ನೂ ಸೇರಿಸಿ ತಿರುಗಿಸಬೇಕು, ಮತ್ತೆ ಅದೇ ಭಾರವನ್ನು ಹೆಬ್ಬೆರಳಲ್ಲಿ ನಿಲ್ಲಿಸಲೂ ಬೇಕು. ಹಗುರ ಲ್ಯೂರಿಗೆ ಅಷ್ಟು ಎಳೆಯುವ ಶಕ್ತಿ ಇಲ್ಲ. ಹಾಗಂತ ತಂಗೂಸಿ ತೆಗೆದು ಬರೀ 120 ಮೀಟರ್ ಬ್ರೇಡ್ ಹಾಕಿದರೆ ದಾರ ಸ್ಪೂಲಿನ ತಳಕ್ಕೆ ಹೋಗಿ ಕೂರುತ್ತದೆ. ಸುತ್ತು ಸಣ್ಣದಾಗುತ್ತದೆ, ಸ್ಪೂಲ್ ಜಾಸ್ತಿ ಜೋರು ತಿರುಗಬೇಕು, ಹಿಡಿ ತಿರುಗಿಸಿದರೆ ದಾರ ಒಳಗೆ ಬರುವುದೂ ನಿಧಾನ. ಅದನ್ನೂ ಮಾಡಿ ನೋಡಿದ್ದೇನೆ, ಚಂದ ಇಲ್ಲ.

ಹಾಗಾದರೆ ಜಾಗ ತುಂಬಬೇಕು, ತೂಕ ಬರಬಾರದು. ಹಿಂದೆ ಪಂದ್ಯಕ್ಕೆ ಬೀಸುವವರು ಸ್ಪೂಲಿಗೆ ಕಾರ್ಕ್ ಸುತ್ತುತ್ತಿದ್ದರು ಅಂತ ಓದಿದ್ದೆ. ನಮ್ಮಲ್ಲಿ ಕಾರ್ಕ್ ಎಲ್ಲಿ ಅಂತ ಮೊದಲು ಥರ್ಮೋಕೋಲ್ ಕೊರೆದು ಹಾಕಿದೆ. ಮೊದಲ ಮೀನಿಗೇ ಬ್ರೇಡ್ ಅದನ್ನು ಕಡಿದು ಒಳಗೆ ಇಳಿಯಿತು. ಆಮೇಲೆ ಹವಾಯಿ ಚಪ್ಪಲಿ. ಅದು ಕಡಿಯುವುದಿಲ್ಲ, ಆದರೆ ಅಮುಕುತ್ತದೆ, ಬ್ರೇಡ್ ಸಡಿಲ ಬಿದ್ದು ಮುಂದಿನ ಬೀಸಿಗೆ ಸಿಕ್ಕು. ಕಡಪ್ಪುರದಲ್ಲಿ, ಅಂದರೆ ಕಡಲ ತೀರದಲ್ಲಿ, ಬಿದ್ದಿದ್ದ ಬಲೆಯ ಬೆಂಡು ತಂದು ಕೊರೆದೆ, ಪರವಾಗಿಲ್ಲ, ಆದರೆ ಒಂದು ಬದಿ ದಪ್ಪ ಒಂದು ಬದಿ ಸಪೂರ, ಸ್ಪೂಲ್ ಗಡಗಡ ನಡುಗಿತು. ಉತ್ತರ ಸಿಕ್ಕಿದ್ದು ಉಪ್ಪಳದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ಎಂಜಿನ್ ಗ್ಯಾಸ್ಕೆಟಿಗೆ ಕಾರ್ಕ್ ಶೀಟ್ ಮಾರುತ್ತಾರಲ್ಲ, ಅದು. ರಬ್ಬರ್ ಬೆರೆಸದ್ದನ್ನೇ ಕೇಳಿ ತೆಗೆದುಕೊಳ್ಳಿ, ಬೆರೆಸಿದ್ದು ಭಾರ. ಒಂದು ತುಂಡಿಗೆ 80 ಕೊಟ್ಟಿರಬೇಕು, ಮೂರು ಸ್ಪೂಲಿಗೆ ಸಾಕು.

ಸ್ಪೂಲಿನ ಅಗಲಕ್ಕೆ ಸರಿಯಾಗಿ ಪಟ್ಟಿ ಕತ್ತರಿಸಿ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಾಗುತ್ತದೆ, ಇಲ್ಲದಿದ್ದರೆ ಒಡೆಯುತ್ತದೆ. ಒಣಗಿಸಿ ಅಂಟು ಹಚ್ಚಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಡಿ. ಮರುದಿನ ಸ್ಪೂಲನ್ನು ತಿರುಗಿಸುತ್ತಾ ಉಜ್ಜುಕಾಗದ ಹಿಡಿದು ದುಂಡಗೆ ಮಾಡಿ. ನನ್ನ ಹತ್ತಿರ ಸಣ್ಣ ಮೋಟಾರ್ ಇದ್ದದ್ದರಿಂದ ಸುಲಭ ಆಯಿತು, ಕೈಯಲ್ಲೂ ಆಗುತ್ತದೆ, ತಾಳ್ಮೆ ಬೇಕು. ಮೇಲೆ ಇನ್ಸುಲೇಶನ್ ಟೇಪ್ ಒಂದು ಸುತ್ತು. ಬ್ರೇಡಿಗೆ ಹಿಡಿತ ಸಿಗಲಿಕ್ಕೆ ಅದು ಬೇಕೇ ಬೇಕು, ಇಲ್ಲದಿದ್ದರೆ ಮೀನು ಎಳೆಯುವಾಗ ದಾರ ಇಡಿಯಾಗಿ ಕಾರ್ಕಿನ ಮೇಲೆ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದರೆ ದಾರವನ್ನು ತಡೆದು ತಡೆದು ಬಿಡುವ ಭಾಗ) ಸಡಿಲ ಆದ ಹಾಗೆ ಕಾಣುತ್ತದೆ.

ಚಿನ್ನದಂಗಡಿಯ ಪರಿಚಯದವರಲ್ಲಿ ತೂಕ ಹಾಕಿಸಿದೆ. ಅವರು ಇದು ಎಂತ ಚಿನ್ನ ಮಾರಾಯ ಅಂತ ನಕ್ಕರು. ಮೊದಲಿಗಿಂತ 12 ಗ್ರಾಮಿನಷ್ಟು ಇಳಿದಿತ್ತು. ಬೀಸುವವರಿಗೆ ಗೊತ್ತು, ತಿರುಗುವ ಸ್ಪೂಲಲ್ಲಿ 12 ಗ್ರಾಂ ಅಂದರೆ ಎಷ್ಟು ಅಂತ. ಮೊಗ್ರಾಲಿನಲ್ಲಿ ಕೊಯ್ಲಾದ ಗದ್ದೆಗೆ ಹೋಗಿ ಟೇಪ್ ಹಿಡಿದು ಅಳೆದೆವು. ಕಾರ್ಕ್ ಒಂದರಿಂದಲೇ ಹತ್ತು ಹನ್ನೆರಡು ಮೀಟರ್. ಅಲ್ಲಿ ನಿಂತು ನೋಡಿದ ಒಬ್ಬ ಇಕ್ಕ (ಅಣ್ಣ ಅಂತ ಕರೆಯುವುದು), ನಮ್ಮ ಭಾಗದಲ್ಲಿ ಕಾಳಾಂಜಿ ಮೀನು ಹಿಡಿಯುವುದರಲ್ಲಿ ಎತ್ತಿದ ಕೈ, ಒಪ್ಪಲಿಲ್ಲ. "ಗದ್ದೆಯಲ್ಲಿ ಮೀನಿಲ್ಲ ಮೋನೇ. ದೊಡ್ಡದು ಹಿಡಿದರೆ ನಿನ್ನ ಬೆಂಡು ಬಿಚ್ಚಿ ಕೊಡ್ತೀಯಾ ಅದಕ್ಕೆ?" ಅಂದರು. ನ್ಯಾಯದ ಪ್ರಶ್ನೆಯೇ, ಕಾರ್ಕ್ ತುಂಬಿದ ಸ್ಪೂಲಲ್ಲಿ ದಾರ 120 ಮೀಟರ್ ಮಾತ್ರ. ಇದುವರೆಗೆ ಈ ರೀಲಲ್ಲಿ ಬಂದ ದೊಡ್ಡ ಕಾಳಾಂಜಿ ಆರು ಕಿಲೋ ಹತ್ತಿರ. ಅದು ಎಳೆದದ್ದು 50 ಮೀಟರ್ ಇರಬಹುದು. ಮತ್ತೂ 70 ಸ್ಪೂಲಲ್ಲಿತ್ತು.

ಇನ್ನು ಬ್ರೇಕ್. ನಾಬ್ ಬಿಗಿ ಮಾಡಿ ಲ್ಯೂರ್ ನಿಧಾನ ಇಳಿಯುವಂತೆ ಇಡಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕಲಿಯುವವನಿಗೆ ಸರಿ. ದೂರ ಬೇಕಾದರೆ ನಾಬನ್ನು ಬ್ರೇಕ್ ಅಂತ ಬಳಸಲೇಬಾರದು. ಅದು ಬೀಸಿನ ಮೊದಲಿಂದ ಕೊನೆಯವರೆಗೆ ಒಂದೇ ಸಮ ಹಿಡಿಯುತ್ತದೆ. ಸ್ಪೂಲ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡುವಲ್ಲಿಗೆ ಸಡಿಲ ಮಾಡಿ ಬಿಟ್ಟುಬಿಡಿ. ಸೆಂಟ್ರಿಫ್ಯೂಗಲ್ ಗಟ್ಟಿ ಹಿಡಿಯುವುದು ಸ್ಪೂಲ್ ಅತಿ ಜೋರು ಇರುವ ಮೊದಲ ಗಳಿಗೆಯಲ್ಲಿ, ವೇಗ ಇಳಿದಂತೆ ಅದು ಬೇಗ ಕೈಬಿಡುತ್ತದೆ. ನಮ್ಮ ಪಡುಗಾಳಿಯಲ್ಲಿ ತೊಂದರೆ ಬರುವುದೇ ಆಮೇಲೆ, ಲ್ಯೂರ್ ಅರ್ಧ ದಾರಿಯಲ್ಲಿ ಸೋತಾಗ.

ಅದಕ್ಕೆ ಅಯಸ್ಕಾಂತ. ಹಳೇ ಕರೆಂಟ್ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತಲ್ಲ, ಅದನ್ನು ಅಂಕೆಯಲ್ಲಿಡುವುದು ಪಕ್ಕದ ಅಯಸ್ಕಾಂತ, ಮುಟ್ಟದೆಯೇ ಹಿಡಿಯುತ್ತದೆ. ಸ್ಪೂಲ್ ಅಲ್ಯೂಮಿನಿಯಂ ಆದರೆ ಅದೇ ಕೆಲಸ ರೀಲಲ್ಲೂ ಆಗುತ್ತದೆ, ಪ್ಲಾಸ್ಟಿಕ್ ಸ್ಪೂಲಿಗೆ ಆಗುವುದಿಲ್ಲ. ಹಾಳಾದ ಇಯರ್‌ಫೋನುಗಳಿಂದ ಸಣ್ಣ ನಿಯೋಡಿಮಿಯಂ ಬಿಲ್ಲೆ ತೆಗೆದು ಎಡಬದಿಯ ಮುಚ್ಚಳದ ಒಳಗೆ ಅಂಟಿಸಿದೆ. ಎಣ್ಣೆ ಬಿದ್ದರೂ ನೀರು ಹೋದರೂ ಇದಕ್ಕೆ ವ್ಯತ್ಯಾಸ ಇಲ್ಲ. ಸೆಂಟ್ರಿಫ್ಯೂಗಲ್ ಬ್ರೇಕಿನ ತುಂಡುಗಳಲ್ಲಿ ಸಣ್ಣದೊಂದನ್ನು ಮಾತ್ರ ಉಳಿಸಿದ್ದೇನೆ. ಎಷ್ಟು ಬಿಲ್ಲೆ, ಸ್ಪೂಲಿನಿಂದ ಎಷ್ಟು ದೂರ, ಯಾವ ತುದಿ ಯಾವ ಕಡೆಗೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಒಂದು ಮಳೆಗಾಲ ಪೂರ್ತಿ ಹೋಗಿದೆ, ಜೂನ್ 9ರ ರಾತ್ರಿ ಟ್ರಾಲಿಂಗ್ ನಿಷೇಧ ಶುರುವಾದಾಗ ಕೂತವನು ಜುಲೈ 31ಕ್ಕೆ ಎದ್ದದ್ದು. ಬ್ರೇಡ್ ಸುತ್ತುವ ಮೊದಲು ಅದಕ್ಕೆ ಮಾಡುವ ಒಂದು ಸಣ್ಣ ಕೆಲಸವೂ ಇದೆ, ಅದೂ ನನ್ನಲ್ಲೇ ಇರಲಿ.

ಲೆವೆಲ್‌ವೈಂಡ್ (ದಾರವನ್ನು ಸ್ಪೂಲಿನ ಅಗಲಕ್ಕೆ ಸಮವಾಗಿ ಹಂಚುವ ಭಾಗ) ಬಿಚ್ಚಿಯೂ ನೋಡಿದೆ. ನಾಲ್ಕೈದು ಮೀಟರ್ ಹೆಚ್ಚಿತು, ಲೀಡರ್ (ತುದಿಗೆ ಕಟ್ಟುವ ದಪ್ಪ ದಾರ) ಗಂಟು ಅದಕ್ಕೆ ತಾಗುವ ತೊಂದರೆಯೂ ತಪ್ಪಿತು. ಆದರೆ ದಾರವನ್ನು ಹೆಬ್ಬೆರಳಲ್ಲೇ ಹಂಚಬೇಕು. ಚೆಂಬಲ್ಲಿ ಮೀನು ಗಾಳ ಹಿಡಿದು ಕಲ್ಲಿಗೆ ಓಡುವಾಗ ಯಾರಿಗೆ ಹಂಚಲಿಕ್ಕಾಗುತ್ತದೆ? ಒಂದೇ ಬದಿ ಗುಡ್ಡೆ ಬಿತ್ತು. ವಾಪಸ್ ಹಾಕಿದೆ. ಬರೀ ಸೀಸ ಕಟ್ಟಿ ಮರಳಿನಿಂದ ಬೀಸುವವರಿಗೆ ಅದು ಸರಿಹೋದೀತು. 60 ಗ್ರಾಂ ಸೀಸ ಆಗ 90 ಮೀಟರ್ ಆಸುಪಾಸು ಹೋಗಿತ್ತು.

ಸ್ಪಿನ್ನಿಂಗಿನವರು ಕೋಪ ಮಾಡಬೇಡಿ. 10 ಗ್ರಾಂ ಕೆಳಗಿನ ಲ್ಯೂರಿಗೆ ನಾನೂ ಸ್ಪಿನ್ನಿಂಗೇ ಹಿಡಿಯುವುದು, ಅಲ್ಲಿ ಬೈಟ್‌ಕಾಸ್ಟರ್ ಮೇಲೆ ದುಡ್ಡು ಸುರಿಯುವುದು ದಂಡ. ಆದರೆ ಅದರಲ್ಲಿ ಲೆಕ್ಕ ಬೇರೆ. ಸ್ಪೂಲ್ ತಿರುಗುವುದಿಲ್ಲ, ಹಾಗಾಗಿ ತೂಕದ ಪ್ರಶ್ನೆ ಇಲ್ಲ, ಅಂಚಿನಿಂದ ಒಂದೂವರೆ ಮಿಮೀ ಕೆಳಗಿನವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ದಾರ ಅಂಚಿಗೆ ಉಜ್ಜಿ ಉಜ್ಜಿ ದೂರ ಸಾಯುತ್ತದೆ. ದಾರ ಮುಂದಿನ ಬದಿಗೆ ಗುಡ್ಡೆ ಬೀಳುತ್ತಿದ್ದರೆ ಸ್ಪೂಲಿನ ಕೆಳಗೆ ತೆಳು ವಾಷರ್ ಒಂದು ಸೇರಿಸಿ, ಹಿಂದಿನ ಬದಿಗಾದರೆ ಒಂದು ತೆಗೆಯಿರಿ. ಬೇಲ್ (ದಾರ ಹಿಡಿಯುವ ಕಂಬಿ) ಕೈಯಲ್ಲೇ ಮುಚ್ಚಿ.

ಬೀಸಲು ಕಲಿಯುವವರು ಬೆಳಗ್ಗೆಯೇ ಹೋಗಿ. ಆಗ ಗಾಳಿ ನೆಲದಿಂದ ಕಡಲಿಗೆ, ಬೆನ್ನ ಹಿಂದಿನಿಂದ. ಹನ್ನೊಂದರ ನಂತರ ತಿರುಗುತ್ತದೆ, ಆಗ ಬಿಲ್ಲೆ ಒಂದು ಹೆಚ್ಚು ಬೇಕು. ಮನೆಗೆ ಬಂದ ಮೇಲೆ ಪೈಪಿನ ನೀರು ಜೋರಾಗಿ ಬಿಡಬೇಡಿ, ಉಪ್ಪು ಒಳಗೇ ಹೋಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ ಮೆಲ್ಲಗೆ ನೀರು ಹನಿಸಿ, ಒರೆಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಇಡಿ.

ಒಟ್ಟು ಖರ್ಚು ರೀಲ್ ಸೇರಿ 7,000 ಹತ್ತಿರ ಆಗಿದೆ, ಅದರಲ್ಲಿ ಎರಡು ಜೋಡಿ ಸೆರಾಮಿಕ್ ಬೇರಿಂಗಿನದ್ದೇ ಮೂರು ಸಾವಿರ ನೀರಿಗೆ ಹಾಕಿದ್ದು. ಬ್ರೇಡಿಗೆ 700 ಇರಬೇಕು. ನೀವು ಕಾರ್ಕಿನಿಂದ ಶುರು ಮಾಡಿದರೆ ಅಷ್ಟೆಲ್ಲ ಬೇಡ. ಆ ಇಕ್ಕ ಕಳೆದ ತಿಂಗಳು ಅವರ ರೀಲನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅಂಗಡಿಗೆ ತಂದಿಟ್ಟರು. ಬೆಂಡು ಹಾಕು ಅಂತ ಬಾಯಿಬಿಟ್ಟು ಹೇಳಲಿಲ್ಲ, "ಸ್ವಲ್ಪ ನೋಡು" ಅಂದರು. 300 ರೂಪಾಯಿ ಆಗುತ್ತದೆ ಅಂದೆ. 200ಕ್ಕೆ ನಿಲ್ಲಿಸಿದ್ದಾರೆ, ಉಳಿದದ್ದಕ್ಕೆ ಬಂಗುಡೆ ಕೊಡುತ್ತಾರಂತೆ.