ಮಂಜಿನಲ್ಲಿ ಕಿವಿಗೆ ಕೆಲಸ ಜಾಸ್ತಿ

ನಾನು ಸರಕು ಹಡಗಿನಲ್ಲಿ ಕೆಲಸ ಮಾಡುವವನು. ರಜೆಯಲ್ಲಿದ್ದಾಗ ಕಾರು ಓಡಿಸುತ್ತೇನೆ. ಹಾಗಾಗಿ ದಟ್ಟ ಮಂಜು ನನಗೆ ಎರಡೂ ಕಡೆ ಎದುರಾಗಿದೆ. ಹೆದರಿಕೆ ಅಂದರೇನು ಅಂತ ಗೊತ್ತಾಗಿದ್ದು ಮಾತ್ರ ಮೊದಲು ರಸ್ತೆಯಲ್ಲಿ.

ಬೆಳಗಿನ ಜಾವ. ಬಾನೆಟ್ಟಿನ ಆಚೆ ರಸ್ತೆಯ ಬಿಳಿ ಗೆರೆ ಎರಡು ತುಂಡು ಕಾಣುತ್ತಿತ್ತು, ಅಷ್ಟೇ. ಮುಂದೆ ಲಾರಿಯೊಂದರ ಕೆಂಪು ದೀಪ ಕಂಡಾಗ ಜೀವ ಬಂದಂತಾಯಿತು. ಅದರ ಬೆನ್ನು ಹಿಡಿದೆ. ದೀಪ ಕಣ್ಣು ತಪ್ಪಬಾರದು ಅಂತ ಹತ್ತಿರ ಹತ್ತಿರ ಹೋದೆ. ಲಾರಿ ಗಕ್ಕನೆ ನಿಂತಿತು. ನನ್ನ ಕಾರು ನಿಂತಾಗ ನಡುವೆ ಉಳಿದದ್ದು ಒಂದು ಮೊಳ ಜಾಗ.

ಆಮೇಲೆ ಯೋಚಿಸಿದಾಗ ಹೊಳೆಯಿತು. ಸುಮಾರು ನಲವತ್ತರಲ್ಲಿ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಬ್ರೇಕ್ ಒತ್ತುವ ಮುಂಚೆ ಮುಳ್ಳು ಅರವತ್ತು ದಾಟಿತ್ತು. ಮರ, ಕಂಬ, ಮನೆ ಯಾವುದೂ ಸರಿಯಾಗಿ ಕಾಣದಿದ್ದಾಗ ವೇಗ ಗೊತ್ತಾಗುವುದೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. ಕಾಣುವುದು 30 ಮೀಟರ್ ಆದರೆ ನಮ್ಮ ಕೈಯಲ್ಲಿರುವುದು ಎರಡು ಸೆಕೆಂಡೂ ಇಲ್ಲ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಅಂದಿನಿಂದ ಮಂಜಿನಲ್ಲಿ ಅಂದಾಜನ್ನು ನಂಬುವುದಿಲ್ಲ, ಮುಳ್ಳು ನೋಡುತ್ತೇನೆ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು, ಆ ವೇಗ ಎಷ್ಟೇ ಕಮ್ಮಿ ಇರಲಿ.

ಹೈ ಬೀಮ್ ಹಾಕಬೇಡಿ. ಹನಿಗಳಿಗೆ ಬಡಿದ ಬೆಳಕು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಲೋ ಬೀಮ್ ಸಾಕು, ಜೊತೆಗೆ ಫಾಗ್ ಲ್ಯಾಂಪ್ ಇದ್ದರೆ ಒಳ್ಳೆಯದು. ರಸ್ತೆಯ ಮಧ್ಯದ ಗೆರೆ ಹಿಡಿದು ಹೋದರೆ ಎದುರು ಬರುವವನೂ ಅದನ್ನೇ ಹಿಡಿದು ಬರುತ್ತಿರುತ್ತಾನೆ, ಅಲ್ವಾ? ನಾನು ಅಂಚಿನ ಗೆರೆ ನೋಡುತ್ತೇನೆ. ಗಾಜಿನ ಒಳಗಡೆ ಕೂತ ಹಬೆಯನ್ನು ಎಷ್ಟೋ ಸಲ ಹೊರಗಿನ ಮಂಜು ಅಂದುಕೊಳ್ಳುತ್ತೇವೆ, ಅದನ್ನೂ ಒರೆಸಿಕೊಳ್ಳಿ. ಕ್ರಾಸ್ ಬಂದಾಗ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಕಿವಿಗೊಡಿ. ನಿಲ್ಲಲೇಬೇಕಾದರೆ ರಸ್ತೆಯಿಂದ ಪೂರ್ತಿ ಆಚೆ ಹೋಗಿ ನಿಲ್ಲಿ.

ಕಡಲ ಮಂಜಿನ ಸ್ವಭಾವ ಬೇರೆ. ನೆಲದ ಮೇಲೆ ರಾತ್ರಿ ತಣ್ಣಗಾದ ಮಣ್ಣಿನಿಂದ ಹುಟ್ಟುವ ಮಂಜು ಸಾಮಾನ್ಯವಾಗಿ ಬಿಸಿಲೇರಿದಂತೆ ಕರಗುತ್ತದೆ. ಕಡಲಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಹರಿದು ಬಂದಾಗ ಅದು ಹುಟ್ಟುತ್ತದೆ. ಗಾಳಿ ಬೀಸಿದರೂ ಹೋಗುವುದಿಲ್ಲ, ದಿನಗಟ್ಟಲೆ ಕೂರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹತ್ತಿರ ಗಲ್ಫ್ ಸ್ಟ್ರೀಮ್ ಅನ್ನುವ ಬೆಚ್ಚಗಿನ ಪ್ರವಾಹ ಮತ್ತು ಲ್ಯಾಬ್ರಡಾರ್ ಅನ್ನುವ ತಣ್ಣನೆಯ ಪ್ರವಾಹ ಸೇರುವ ಕಡೆ ಅದರ ಕಾಟ ಬಹಳ.

ನಾನಿನ್ನೂ ಕೆಲಸ ಕಲಿಯುತ್ತಿದ್ದ ಕೆಡೆಟ್ ಆಗಿದ್ದಾಗ ಒಂದು ಮಧ್ಯಾಹ್ನ ಹಡಗಿನ ಮೂತಿಯೇ ಬ್ರಿಡ್ಜಿನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಕಾಣದಂತಾಯಿತು. ಕ್ಯಾಪ್ಟನ್ ಬಂದರು. ವೇಗ ಇಳಿಸಿದರು. ಇಂಜಿನ್ ರೂಮಿಗೆ ಸಿದ್ಧವಾಗಿರಲು ಹೇಳಿದರು. ಆಟೋ ಪೈಲಟ್ ತೆಗೆದು ಚುಕ್ಕಾಣಿಗೆ ಆಳು ನಿಲ್ಲಿಸಿದರು. ನನ್ನನ್ನು ವಾಕಿಟಾಕಿ ಕೊಟ್ಟು ಮೂತಿಗೆ ಕಳಿಸಿದರು. "ಕಣ್ಣಿನ ಮಾತು ಬಿಡು, ಕಿವಿಯಲ್ಲಿ ನೋಡು" ಅಂದರು.

ನಮ್ಮ ಹಾರ್ನ್ ಎರಡು ನಿಮಿಷಕ್ಕೊಮ್ಮೆ ಉದ್ದಕ್ಕೆ ಕೂಗುತ್ತಿತ್ತು. ನಾಲ್ಕರಿಂದ ಆರು ಸೆಕೆಂಡಿನ ಕೂಗು, ಚಲಿಸುತ್ತಿದ್ದೇವೆ ಅಂತ ಅರ್ಥ. ನೀರಲ್ಲಿ ಸುಮ್ನೆ ನಿಂತಿದ್ದರೆ ಎರಡು ಕೂಗು. ಲಂಗರು ಹಾಕಿದ್ದರೆ ನಿಮಿಷಕ್ಕೊಮ್ಮೆ ಐದು ಸೆಕೆಂಡು ಗಂಟೆ ಬಾರಿಸಬೇಕು. ನಾನು ಕಿವಿ ಮುಚ್ಚುತ್ತಿದ್ದ ಟೊಪ್ಪಿಗೆ ತೆಗೆದು ನಿಂತೆ. ರೇಲಿಂಗಿನ ಕೆಳಗೆ ಸಾಲಾಗಿ ಹನಿ ತೂಗುತ್ತಿದ್ದವು. ಎರಡು ಕೂಗಿನ ನಡುವಿನ ಮೌನದಲ್ಲಿ ಸಣ್ಣಗೆ ಒಂದು ಉದ್ದ, ಎರಡು ಗಿಡ್ಡ ಕೇಳಿಸಿತು. ಮೀನು ಹಿಡಿಯುತ್ತಿರುವ ದೋಣಿ!

"ಬಲಕ್ಕೆ, ಸರ್" ಅಂದೆ. ಮರುಸಲ ಎಡಕ್ಕೆ ಕೇಳಿಸಿತು. ಮಂಜಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ ಅಂತ ನಂಬುವ ಹಾಗಿಲ್ಲ. ಬರೀ ಸದ್ದು ಕೇಳಿ ಚುಕ್ಕಾಣಿ ತಿರುಗಿಸಿದರೆ ನೇರ ಅದರ ಮೇಲೇ ಹೋಗಬಹುದು. ರಡಾರಿನಲ್ಲೂ ಚಿಕ್ಕ ದೋಣಿ ಅಲೆಗಳ ಚುಕ್ಕೆಗಳ ನಡುವೆ ಮುಚ್ಚಿಹೋಗುತ್ತದೆ. ಕಂಡರೂ ಒಂದು ಸಲ ನೋಡಿ ಬಿಟ್ಟರೆ ಪ್ರಯೋಜನವಿಲ್ಲ. ಬೇರಿಂಗ್, ಅಂದರೆ ಅದು ಕಾಣುವ ದಿಕ್ಕು, ಬದಲಾಗದೆ ದೂರ ಮಾತ್ರ ಕಮ್ಮಿಯಾಗುತ್ತಿದ್ದರೆ ಅದು ಡಿಕ್ಕಿಯ ದಾರಿ. 1956ರ ಜುಲೈ 25ರ ರಾತ್ರಿ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಅನ್ನುವ ಪ್ರಯಾಣಿಕರ ಹಡಗುಗಳು ಮಂಜಿನಲ್ಲಿ ಡಿಕ್ಕಿಯಾದಾಗ ಎರಡರಲ್ಲೂ ರಡಾರ್ ಇತ್ತು. ಎರಡೂ ಒಂದನ್ನೊಂದು ಅದರಲ್ಲಿ ನೋಡಿದ್ದವು. ಒಂದು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ. 51 ಜನ ಸತ್ತರು. ಮಂಜಿನಲ್ಲಿ ಮುಂದಿರುವ ಹಡಗನ್ನು ತಪ್ಪಿಸಲು ಆದಷ್ಟೂ ಎಡಕ್ಕೆ ತಿರುಗಬಾರದು ಅಂತ ಇಂದಿನ ನಿಯಮ ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ನಮ್ಮ ಕ್ಯಾಪ್ಟನ್ ಯಾವ ಕಡೆಗೂ ತಿರುಗಿಸಲಿಲ್ಲ. ಇಂಜಿನ್ ನಿಲ್ಲಿಸಿದರು. ಹಡಗು ತನ್ನ ಓಟದಲ್ಲೇ ತೇಲಿ ತೇಲಿ ನಿಧಾನವಾಯಿತು. ಮೊದಲು ಡೀಸೆಲ್ ವಾಸನೆ ಬಂತು. ಆಮೇಲೆ ಬಿಳುಪಿನೊಳಗಿಂದ ದೋಣಿ ಮೂಡಿತು. ಹಳದಿ ಮಳೆಕೋಟಿನ ಒಬ್ಬರು ಕೊಂಬನ್ನು ಬಾಯಿಗಿಟ್ಟು ಊದುತ್ತಿದ್ದರು. ನಮ್ಮನ್ನು ನೋಡಿ ಕೊಂಬು ಇಳಿಸಿ ಕೈ ಎತ್ತಿದರು. ನಾನೂ ಎತ್ತಿದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಅವರು ಮತ್ತೆ ಕಾಣೆಯಾದರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೇಳಿಸಿತು, ಒಂದು ಉದ್ದ, ಎರಡು ಗಿಡ್ಡ.